ಬದಲಿ ಕ್ವಾರ್ಟರ್‌ಬ್ಯಾಕ್ ಬಂದಾಗ ಆಟದ ವೇಗ ಯಾಕೆ ಏರುತ್ತದೆ?

ಅಮೆರಿಕನ್ ಫುಟ್‌ಬಾಲ್‌ನಲ್ಲಿ ತಂಡದ ಮುಖ್ಯ ಕ್ವಾರ್ಟರ್‌ಬ್ಯಾಕ್, ಅಂದರೆ ಪಾಸ್ ಎಸೆದು ದಾಳಿ ನಡೆಸುವವನು, ಗಾಯಗೊಂಡು ಹೊರಗೆ ಹೋದರೆ, ಟಿವಿ ಮುಂದೆ ಕೂತವರೆಲ್ಲ ಒಂದೇ ಮಾತು ಹೇಳುತ್ತಾರೆ: ಇನ್ನು ಆಟ ನಿಧಾನ ಮಾಡ್ತಾರೆ, ಪಾಸ್ ಕಡಿಮೆ ಮಾಡಿ ಚೆಂಡು ಹಿಡಿದು ಓಡೋದೇ ಜಾಸ್ತಿ ಮಾಡ್ತಾರೆ. ಬಹಳ ಸಲ ಹಾಗೇ ಆಗುತ್ತದೆ ಕೂಡ. ಆದರೆ ಈ ಆಟದಲ್ಲಿ ಜನ ಇಂದಿಗೂ ನೆನೆಯುವ ಕೆಲವು ಗೆಲುವುಗಳನ್ನು ತೆಗೆದು ನೋಡಿದರೆ ಬೇರೆಯದೇ ಕಾಣುತ್ತದೆ. ಬೆಂಚಿನಿಂದ ಎದ್ದು ಬಂದವನ ಕೈಗೆ ಕೋಚ್‌ಗಳು ಅತಿ ವೇಗದ ದಾಳಿಯನ್ನೇ ಕೊಟ್ಟಿದ್ದಾರೆ. ಅದಕ್ಕೆ ಹರಿ-ಅಪ್ ಅಫೆನ್ಸ್ ಎಂದು ಹೆಸರು. ಅನುಭವ ಇಲ್ಲದವನಿಗೆ ಅವಸರದ ಕೆಲಸ ಯಾಕೆ ಕೊಡಬೇಕು ಅನ್ನಿಸುತ್ತೆ, ಅಲ್ವಾ? ಸರಿಯಾಗಿ ತಯಾರಾದ ತಂಡದಲ್ಲಿ ಆ ವೇಗವೇ ಅವನಿಗೆ ದೊಡ್ಡ ಆಸರೆ. ಯಾಕೆ ಅಂತ ನೋಡೋಣ.

ಆಟ ಪರಿಚಯ ಇಲ್ಲದವರಿಗೆ ಮೊದಲು ಸ್ವಲ್ಪ ಹಿನ್ನೆಲೆ. ಎರಡೂ ಕಡೆ 11 ಜನ ಇರುತ್ತಾರೆ. ದಾಳಿ ಮಾಡುವ ತಂಡಕ್ಕೆ 10 ಗಜ ಮುಂದೆ ಹೋಗಲು 4 ಅವಕಾಶ. 10 ಗಜ ದಾಟಿದರೆ ಮತ್ತೆ 4 ಅವಕಾಶ. ಒಂದೊಂದು ಅವಕಾಶವೂ ಒಂದು ಡೌನ್. ಆ ಡೌನ್‌ನಲ್ಲಿ ಆಡುವ ಪಟ್ಟು ಪ್ಲೇ. ಅಮೆರಿಕದ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ ಒಂದು ಪ್ಲೇ ಮುಗಿದ ಮೇಲೆ ಮುಂದಿನದನ್ನು ಶುರು ಮಾಡಲು 40 ಸೆಕೆಂಡ್ ಸಮಯ ಇರುತ್ತದೆ. ಇದನ್ನು ಎಣಿಸುವುದು ಪ್ಲೇ ಗಡಿಯಾರ. ಆಗ ದಾಳಿ ತಂಡದವರು ಗುಂಪು ಕಟ್ಟಿ ನಿಲ್ಲುತ್ತಾರೆ. ಅದೇ ಹಡಲ್. ಕೋಚ್ ಆರಿಸಿದ ಪ್ಲೇಯನ್ನು ಕ್ವಾರ್ಟರ್‌ಬ್ಯಾಕ್ ಉಳಿದ 10 ಜನರಿಗೆ ಹೇಳುತ್ತಾನೆ. ಆಮೇಲೆ ಎಲ್ಲರೂ ಸಾಲಿಗೆ ಬರುತ್ತಾರೆ. ಸೆಂಟರ್ ಎಂಬ ಆಟಗಾರ ಚೆಂಡನ್ನು ಹಿಂದಕ್ಕೆ ಕೊಡುತ್ತಾನೆ. ಅದು ಸ್ನ್ಯಾಪ್. ಅಲ್ಲಿಂದ ಪ್ಲೇ ಶುರು.

ಹರಿ-ಅಪ್ ಅಂದರೆ ಹಡಲ್ ಬಿಟ್ಟು ನೇರ ಸಾಲಿಗೆ ಬಂದು, 40 ಸೆಕೆಂಡಿನಲ್ಲಿ ಅರ್ಧವೂ ಕಳೆಯುವ ಮೊದಲೇ ಸ್ನ್ಯಾಪ್ ಮಾಡುವುದು. ನೋ-ಹಡಲ್ ಅನ್ನುವುದೂ ಇದೇ ಅಂತ ಸುಮಾರು ಜನ ತಿಳಿದಿದ್ದಾರೆ. ಪೂರ್ತಿ ಒಂದೇ ಅಲ್ಲ. ಪೇಟನ್ ಮ್ಯಾನಿಂಗ್ ಇಂಡಿಯಾನಾಪೊಲಿಸ್ ಕೋಲ್ಟ್ಸ್‌ನಲ್ಲಿದ್ದಾಗ ಹಡಲ್ ಇಲ್ಲದೆ ಸಾಲಿಗೆ ಬರುತ್ತಿದ್ದರು. ಆದರೆ ಅಲ್ಲಿ ನಿಂತು ಎದುರಾಳಿಗಳನ್ನು ಓದುತ್ತಾ, ಕೈ ತೋರಿಸುತ್ತಾ, ಕೂಗಿ ಪ್ಲೇ ಬದಲಿಸುತ್ತಾ ಕೊನೆಯ ಸೆಕೆಂಡಿನವರೆಗೂ ಕಾಯುತ್ತಿದ್ದರು. ಅಲ್ಲಿ ಹಡಲ್ ಇರುತ್ತಿರಲಿಲ್ಲ, ಆದರೆ ಅವಸರವೂ ಇರುತ್ತಿರಲಿಲ್ಲ. ಈ ವ್ಯತ್ಯಾಸ ಮುಂದೆ ಬೇಕಾಗುತ್ತದೆ.

ವೇಗದಿಂದ ಎದುರಾಳಿಗೆ ಏನು ತೊಂದರೆ? ಸುಸ್ತು ಅಂತ ಎಲ್ಲರೂ ಹೇಳುತ್ತಾರೆ. ನಿಜವೇ. 300 ಪೌಂಡ್ ತೂಕದ ಡಿಫೆನ್ಸಿವ್ ಲೈನ್‌ಮನ್ ಸತತ ಎಂಟು ಪ್ಲೇ ಓಡಿ, ತಳ್ಳಿ, ಎದ್ದು ಬಂದರೆ ಏದುಸಿರು ಬಿಡುತ್ತಾನೆ. ಆದರೆ ಸುಸ್ತಿಗಿಂತ ದೊಡ್ಡ ಪೆಟ್ಟು ಬೇರೆ ಇದೆ. ದಾಳಿ ತಡೆಯುವ ಕಡೆಯವರಿಗೆ, ಅಂದರೆ ಡಿಫೆನ್ಸ್‌ಗೆ, ಆಟಗಾರರನ್ನು ಬದಲಿಸಲು ಆಗುವುದಿಲ್ಲ. ಓಟ ತಡೆಯುವ ದಪ್ಪ ಆಟಗಾರರು ಬೇರೆ, ಪಾಸ್ ತಡೆಯುವ ಚುರುಕಿನವರು ಬೇರೆ. ಪ್ರತಿ ಪ್ಲೇಗೂ ಇವರನ್ನು ಒಳಗೆ ಹೊರಗೆ ಕಳಿಸುತ್ತಾ ಇರುತ್ತಾರೆ. ಇಲ್ಲೊಂದು ನಿಯಮ ಇದೆ. ದಾಳಿ ತಂಡ ಆಟಗಾರರನ್ನು ಬದಲಿಸಿದರೆ, ಡಿಫೆನ್ಸ್‌ಗೂ ಬದಲಿಸಲು ಸಮಯ ಸಿಗುವವರೆಗೆ ಅಂಪೈರ್ ಸ್ನ್ಯಾಪ್ ತಡೆಯುತ್ತಾನೆ. ದಾಳಿ ತಂಡ ಅದೇ 11 ಜನರನ್ನು ಇಟ್ಟುಕೊಂಡರೆ ಆ ರಕ್ಷಣೆ ಇಲ್ಲ. ಬದಲಿಸಲು ಹೋದ ಡಿಫೆನ್ಸ್‌ನವನು ಮೈದಾನದ ಅಂಚಿಗೆ ಓಡುತ್ತಿರುವಾಗಲೇ ಸ್ನ್ಯಾಪ್ ಆದರೆ 12 ಜನ ಇದ್ದರು ಅಂತ 5 ಗಜ ದಂಡ.

ಕ್ರಿಕೆಟ್ ನೋಡಿ ಬೆಳೆದವರಿಗೆ ಇದು ಸ್ವಲ್ಪ ವಿಚಿತ್ರ ಅನ್ನಿಸಬಹುದು. ಅಲ್ಲಿ ಬೌಲರ್ ರನ್ ಅಪ್ ಶುರು ಮಾಡುವವರೆಗೂ ನಾಯಕ ಫೀಲ್ಡ್ ಬದಲಿಸುತ್ತಾ ಇರಬಹುದು. ಬ್ಯಾಟ್ಸ್‌ಮನ್ ಅದನ್ನು ತಡೆಯಲಾರ. ಇಲ್ಲಿ ಫೀಲ್ಡ್ ಸಜ್ಜಾಗುವ ಮೊದಲೇ ಬ್ಯಾಟ್ಸ್‌ಮನ್ ಆಟ ಶುರು ಮಾಡಿಬಿಟ್ಟ ಹಾಗೆ.

ಇದರಿಂದಲೇ ಡಿಫೆನ್ಸ್ ಸರಳವಾಗುತ್ತದೆ. ಕ್ವಾರ್ಟರ್‌ಬ್ಯಾಕ್‌ನನ್ನು ಗೊಂದಲ ಮಾಡಲು ಅವರು ಒಂದು ಜೋಡಣೆ ತೋರಿಸಿ ಇನ್ನೊಂದು ಆಡುತ್ತಾರೆ. ಎಲ್ಲಿಂದಲೋ ಒಬ್ಬನನ್ನು ನುಗ್ಗಿಸುತ್ತಾರೆ. ಇದಕ್ಕೆಲ್ಲ ಪರಸ್ಪರ ಸನ್ನೆ ಮಾಡಿಕೊಳ್ಳಲು ಸಮಯ ಬೇಕು. ಸಮಯ ಇಲ್ಲದಿದ್ದರೆ ಎಲ್ಲರಿಗೂ ಬಾಯಿಪಾಠ ಇರುವ ಒಂದೆರಡು ಮೂಲ ಜೋಡಣೆಗೆ ಇಳಿಯುತ್ತಾರೆ. ಬ್ಯಾಕಪ್ ಕ್ವಾರ್ಟರ್‌ಬ್ಯಾಕ್‌ಗೆ ಬೇಕಾದದ್ದು ಇದೇ. ಅವನ ದೊಡ್ಡ ಭಯ ಎದುರಾಳಿಯ ಮೋಸದ ಜೋಡಣೆ. ವೇಗ ಆ ಮೋಸವನ್ನು ಬಹಳ ಕಡಿಮೆ ಮಾಡುತ್ತದೆ.

ಬ್ಯಾಕಪ್‌ನ ವಾರ ಹೇಗಿರುತ್ತದೆ ಅಂತ ತಿಳಿದರೆ ಈ ಮಾತಿನ ತೂಕ ಗೊತ್ತಾಗುತ್ತದೆ. ಅಭ್ಯಾಸದಲ್ಲಿ ಮೊದಲ ಸಾಲಿನ ಆಟಗಾರರ ಜೊತೆ ಹೆಚ್ಚಿನ ಪ್ಲೇ ಆಡುವವನು ಮುಖ್ಯ ಕ್ವಾರ್ಟರ್‌ಬ್ಯಾಕ್. ಬ್ಯಾಕಪ್‌ಗೆ ಸಿಗುವುದು ಸ್ಕೌಟ್ ತಂಡ. ಅಂದರೆ, ಮುಂದಿನ ಪಂದ್ಯದ ಎದುರಾಳಿ ಕ್ವಾರ್ಟರ್‌ಬ್ಯಾಕ್‌ನ ಪಾತ್ರ ಮಾಡಿ ತನ್ನದೇ ತಂಡದ ಡಿಫೆನ್ಸ್‌ಗೆ ಅಭ್ಯಾಸ ಕೊಡುವುದು. ವಾರವಿಡೀ ಇನ್ನೊಬ್ಬರ ಆಟ ಆಡಿದವನು ಭಾನುವಾರ ಒಂದೇ ಕ್ಷಣದಲ್ಲಿ ತನ್ನ ತಂಡದ ಆಟ ಆಡಬೇಕು. ಪಾಸ್ ಹಿಡಿಯುವ ರಿಸೀವರ್ ಯಾವ ಹೆಜ್ಜೆಗೆ ತಿರುಗುತ್ತಾನೆ, ಸೆಂಟರ್‌ನ ಸ್ನ್ಯಾಪ್ ಎಷ್ಟು ಜೋರಾಗಿ ಬರುತ್ತದೆ, ಇದೆಲ್ಲ ಕೈಗೆ ಹತ್ತಿರುವುದಿಲ್ಲ. ಪ್ಲೇಗಳ ಪುಸ್ತಕ ಅವನಿಗೆ ಕಂಠಪಾಠ ಇರುತ್ತದೆ, ಆಡಿದ್ದು ಮಾತ್ರ ಕಡಿಮೆ.

ಹಾಗಾಗಿ ಬುದ್ಧಿವಂತ ಕೋಚ್ ಮೊದಲು ಮಾಡುವ ಕೆಲಸ ಪ್ಲೇಗಳ ಪಟ್ಟಿ ಚಿಕ್ಕದು ಮಾಡುವುದು. ಹರಿ-ಅಪ್‌ನಲ್ಲಿ ಆ ಕೆಲಸ ತಾನಾಗಿಯೇ ಆಗುತ್ತದೆ. ಹಡಲ್‌ನಲ್ಲಿ ಹೇಳುವ ಪ್ಲೇಯ ಹೆಸರು ಹತ್ತು ಹನ್ನೆರಡು ಪದ ಉದ್ದ ಇರಬಹುದು. ಅವಸರದಲ್ಲಿ ಅದನ್ನು ಕೂಗಲು ಆಗುವುದಿಲ್ಲ. ಒಂದು ಪದ ಅಥವಾ ಒಂದು ಕೈಸನ್ನೆ ಮಾತ್ರ. ಅಷ್ಟಕ್ಕೆ ಎಲ್ಲರಿಗೂ ಅರ್ಥವಾಗುವ ಪ್ಲೇಗಳು ಬೆರಳೆಣಿಕೆಯಷ್ಟು. ಅವನ್ನೇ ಎಡಕ್ಕೆ, ಬಲಕ್ಕೆ ತಿರುಗಿಸಿ ಮತ್ತೆ ಮತ್ತೆ ಆಡುತ್ತಾರೆ. ಎಸೆತಗಳೂ ಚಿಕ್ಕವು. ಚೆಂಡು ಬೇಗ ಕೈ ಬಿಡುತ್ತದೆ, ಪೆಟ್ಟು ಬೀಳುವುದು ಕಡಿಮೆ. ಮೂರು ನಾಲ್ಕು ಸಲ ಸರಿಯಾದ ಮೇಲೆ ಅವನ ಮುಖವೇ ಬೇರೆ ಆಗುತ್ತದೆ.

ಇನ್ನೊಂದು ಲಾಭ ಹೊರಗೆ ಕಾಣುವುದಿಲ್ಲ. 1994ರಿಂದ ಎನ್‌ಎಫ್‌ಎಲ್‌ನಲ್ಲಿ ಕ್ವಾರ್ಟರ್‌ಬ್ಯಾಕ್‌ನ ಹೆಲ್ಮೆಟ್ ಒಳಗೆ ರೇಡಿಯೋ ಇದೆ. ಕೋಚ್ ಅವನ ಕಿವಿಯಲ್ಲಿ ಮಾತಾಡಬಹುದು. ಪ್ಲೇ ಗಡಿಯಾರದಲ್ಲಿ 15 ಸೆಕೆಂಡ್ ಉಳಿದಾಗ ಅದು ಕಟ್ ಆಗುತ್ತದೆ. ಹಡಲ್ ಮಾಡಿ ನಿಧಾನವಾಗಿ ಬಂದರೆ, ಡಿಫೆನ್ಸ್ ಹೇಗೆ ನಿಂತಿದೆ ಅಂತ ಕಾಣುವ ಹೊತ್ತಿಗೆ ಕಿವಿಯ ದನಿ ನಿಂತಿರುತ್ತದೆ. ಬೇಗ ಸಾಲಿಗೆ ಬಂದು ನಿಂತರೆ, ಡಿಫೆನ್ಸ್ ಕಣ್ಣೆದುರು ಇರುವಾಗಲೇ ಕೋಚ್ ಏನು ನೋಡಬೇಕು ಅಂತ ಹೇಳಿಕೊಡಬಹುದು. ಲಾಸ್ ಏಂಜಲೀಸ್ ರ‍್ಯಾಮ್ಸ್ ಕೋಚ್ ಶಾನ್ ಮಕ್‌ವೇ 2017ರಲ್ಲಿ ಯುವ ಆಟಗಾರ ಜ್ಯಾರೆಡ್ ಗಾಫ್ ಜೊತೆ ಇದನ್ನು ಚೆನ್ನಾಗಿ ಬಳಸಿಕೊಂಡರು. ಗಾಫ್ ಬ್ಯಾಕಪ್ ಅಲ್ಲ. ಆದರೆ ಅನುಭವ ಕಡಿಮೆ ಇರುವ ಯಾರಿಗಾದರೂ ಈ ದಾರಿ ಹೊಂದುತ್ತದೆ.

ಇಡೀ ಪಂದ್ಯಕ್ಕೆ ಹರಿ-ಅಪ್ ಆಡುವುದು ಮೊದಲಿಂದ ಇದ್ದ ಪದ್ಧತಿ ಅಲ್ಲ. ಕೊನೆಯ ಎರಡು ನಿಮಿಷದಲ್ಲಿ ಸೋಲುತ್ತಿರುವ ತಂಡ ಮಾಡುತ್ತಿದ್ದ ಕೆಲಸ ಅದು. 1980ರ ದಶಕದ ಕೊನೆಯಲ್ಲಿ ಸಿನ್ಸಿನಾಟಿ ಬೆಂಗಾಲ್ಸ್ ಕೋಚ್ ಸ್ಯಾಮ್ ವೈಷ್ ಅದನ್ನು ಪಂದ್ಯದ ಯಾವ ಹೊತ್ತಿಗಾದರೂ ಬಳಸಬಹುದು ಅಂತ ತೋರಿಸಿದರು. ಬೂಮರ್ ಇಸೈಸನ್ ಅವರ ಕ್ವಾರ್ಟರ್‌ಬ್ಯಾಕ್. ತಂಡ 1989ರ ಜನವರಿಯಲ್ಲಿ ಎನ್‌ಎಫ್‌ಎಲ್‌ನ ಫೈನಲ್ ಆದ ಸೂಪರ್ ಬೌಲ್‌ವರೆಗೆ ಹೋಗಿ ಸ್ಯಾನ್ ಫ್ರಾನ್ಸಿಸ್ಕೊ 49ಅರ್ಸ್‌ಗೆ 20–16ರಿಂದ ಸೋತಿತು. ಬಫಲೋ ಬಿಲ್ಸ್ ಕೋಚ್ ಮಾರ್ವ್ ಲೀವಿ ಆಗ ಬೆಂಗಾಲ್ಸ್‌ನ ಈ ಪದ್ಧತಿಯನ್ನು ಬಲವಾಗಿ ವಿರೋಧಿಸಿದ್ದರು. ಎರಡು ವರ್ಷದೊಳಗೆ ಅವರ ತಂಡವೇ ಅದನ್ನು ಎಲ್ಲರಿಗಿಂತ ಚೆನ್ನಾಗಿ ಆಡತೊಡಗಿತು. ಕೆ-ಗನ್ ಅಂತ ಅದಕ್ಕೆ ಹೆಸರು, ಟೈಟ್ ಎಂಡ್ ಕೀತ್ ಮೆಕೆಲ್ಲರ್‌ನಿಂದ ಬಂದದ್ದು. ತಡೆಯಲೂ ಬಲ್ಲ, ಓಡಿ ಪಾಸ್ ಹಿಡಿಯಲೂ ಬಲ್ಲ ಆಟಗಾರ ಅವರು. ಆಟಗಾರರನ್ನು ಬದಲಿಸದೆ ಓಟವನ್ನೂ ಪಾಸನ್ನೂ ಆಡಬೇಕಾದರೆ ಅಂಥವರು ಬೇಕೇ ಬೇಕು. ಕ್ವಾರ್ಟರ್‌ಬ್ಯಾಕ್ ಜಿಮ್ ಕೆಲ್ಲಿ ಸಾಲಿನಲ್ಲೇ ನಿಂತು ತಾವೇ ಪ್ಲೇ ಆರಿಸುತ್ತಿದ್ದರು. ಬಿಲ್ಸ್ ಸತತ ನಾಲ್ಕು ಸೂಪರ್ ಬೌಲ್ ಆಡಿತು. ನಾಲ್ಕನ್ನೂ ಸೋತಿತು.

ಆ ತಂಡದ ಬ್ಯಾಕಪ್ ಫ್ರ್ಯಾಂಕ್ ರೈಕ್. ಈ ಲೇಖನದ ಮುಖ್ಯ ವ್ಯಕ್ತಿ ಅವರೇ ಅಂದರೂ ತಪ್ಪಿಲ್ಲ.

1993ರ ಜನವರಿ 3, ಪ್ಲೇಆಫ್ ಪಂದ್ಯ, ಎದುರಾಳಿ ಹ್ಯೂಸ್ಟನ್ ಆಯ್ಲರ್ಸ್. ಹಿಂದಿನ ವಾರ ಇದೇ ಆಯ್ಲರ್ಸ್ ವಿರುದ್ಧ ಕೆಲ್ಲಿ ಗಾಯಗೊಂಡಿದ್ದರು. ಅರ್ಧ ಪಂದ್ಯ ಮುಗಿದಾಗ ಬಿಲ್ಸ್ 3, ಆಯ್ಲರ್ಸ್ 28. ಮೂರನೇ ಕ್ವಾರ್ಟರ್ ಶುರುವಾದ ಸ್ವಲ್ಪ ಹೊತ್ತಿಗೇ ರೈಕ್ ಎಸೆದ ಚೆಂಡು ಎದುರಾಳಿಯ ಕೈ ಸೇರಿ ನೇರ ಟಚ್‌ಡೌನ್ ಆಯಿತು, ಅಂದರೆ ಅವನು ಅದನ್ನು ಹಿಡಿದು ಕೊನೆಯ ಗೆರೆ ದಾಟಿ ಅಂಕ ಗಳಿಸಿದ. 35–3. ಓಟಗಾರ ಥರ್ಮನ್ ಥಾಮಸ್ ಕೂಡ ಗಾಯಗೊಂಡು ಕೂತರು. ಅಲ್ಲಿಂದ ಮುಂದೆ ಆದದ್ದನ್ನು ಅಮೆರಿಕದಲ್ಲಿ ಇವತ್ತಿಗೂ ‘ದಿ ಕಮ್‌ಬ್ಯಾಕ್’ ಅಂತಲೇ ಕರೆಯುತ್ತಾರೆ.

ಥಾಮಸ್ ಬದಲಿಗೆ ಬಂದ ಕೆನೆತ್ ಡೇವಿಸ್ ಒಂದು ಟಚ್‌ಡೌನ್ ಓಡಿದರು. ಆಮೇಲೆ ಬಿಲ್ಸ್ ಚೆಂಡನ್ನು ಎದುರಾಳಿಗೆ ದೂರ ಒದೆಯುವ ಬದಲು ಹತ್ತಿರಕ್ಕೇ ಒದ್ದು, ಒದ್ದ ಸ್ಟೀವ್ ಕ್ರಿಸ್ಟಿಯೇ ಅದನ್ನು ಹಿಡಿದುಕೊಂಡರು. ಡಾನ್ ಬೀಬಿಗೆ 38 ಗಜದ ಪಾಸ್. ಆಂಡ್ರೆ ರೀಡ್‌ಗೆ 26 ಗಜ, ಮತ್ತೆ 18 ಗಜ. ಸುಮಾರು 7 ನಿಮಿಷದ ಆಟದಲ್ಲಿ 28 ಅಂಕ. ನಾಲ್ಕನೇ ಕ್ವಾರ್ಟರ್‌ನಲ್ಲಿ ರೀಡ್ ಇನ್ನೊಂದು ಹಿಡಿದರು. ಕೊನೆಗೆ 38–38 ಸಮ. ಹೆಚ್ಚುವರಿ ಸಮಯದಲ್ಲಿ ನೇಟ್ ಓಡಮ್ಸ್ ಎದುರಾಳಿಯ ಪಾಸ್ ಕಸಿದರು. ಕ್ರಿಸ್ಟಿ 32 ಗಜದ ಫೀಲ್ಡ್ ಗೋಲ್ ಒದ್ದರು, ಅಂದರೆ ಚೆಂಡನ್ನು ಗೋಲ್ ಕಂಬಗಳ ನಡುವೆ ಒದ್ದು 3 ಅಂಕ ತಂದರು. 41–38.

ಇದನ್ನು ಪವಾಡ ಅಂತ ಬಿಟ್ಟುಬಿಡುವುದು ನನಗೆ ಇಷ್ಟ ಇಲ್ಲ. ಕಾರಣಗಳಿವೆ. ಬಿಲ್ಸ್‌ಗೆ ಹರಿ-ಅಪ್ ಅಂದು ಹಿಂದೆ ಬಿದ್ದ ಮೇಲೆ ಹುಡುಕಿದ ದಾರಿ ಆಗಿರಲಿಲ್ಲ. ವರ್ಷಗಳಿಂದ ಅವರ ದಿನನಿತ್ಯದ ಆಟವೇ ಅದು. ಕ್ವಾರ್ಟರ್‌ಬ್ಯಾಕ್ ಬದಲಾದರೂ ಲೈನ್‌ಮನ್‌ಗಳಿಗೆ, ರಿಸೀವರ್‌ಗಳಿಗೆ ಆ ಲಯ ಗೊತ್ತಿತ್ತು. ರೈಕ್ ಅದರೊಳಗೆ ಸೇರಿಕೊಂಡರೆ ಸಾಕಿತ್ತು. ಎರಡನೆಯ ಕಾರಣ ಎದುರಾಳಿಯದು. ಆಯ್ಲರ್ಸ್ ಆಡುತ್ತಿದ್ದದ್ದು ನಾಲ್ಕು ರಿಸೀವರ್‌ಗಳ, ಟೈಟ್ ಎಂಡ್ ಇಲ್ಲದ ರನ್ ಅಂಡ್ ಶೂಟ್. ಪಾಸ್ ಮಾಡಲು ಸೊಗಸು. ಆದರೆ 32 ಅಂಕ ಮುಂದಿರುವಾಗ ಬೇಕಾದದ್ದು ಚೆಂಡು ಹಿಡಿದು ಓಡಿ ಗಡಿಯಾರ ಕರಗಿಸುವ ಆಟ. ಅದು ಅವರ ಬಳಿ ಗಟ್ಟಿಯಾಗಿ ಇರಲಿಲ್ಲ. ಹಿಡಿಯದೆ ಬಿದ್ದ ಪಾಸ್ ಪಂದ್ಯದ ಗಡಿಯಾರ ನಿಲ್ಲಿಸುತ್ತದೆ. ಹಾಗಾಗಿ ಬಿಲ್ಸ್‌ಗೆ ಚೆಂಡು ಮತ್ತೆ ಮತ್ತೆ ಸಿಕ್ಕಿತು.

ಮೂರನೆಯದು ರೈಕ್ ಅವರೇ. 1984ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿದ್ದಾಗ, ಮಯಾಮಿ ವಿರುದ್ಧ 31–0 ಹಿಂದಿದ್ದ ಪಂದ್ಯಕ್ಕೆ ಅವರು ಅರ್ಧದಲ್ಲಿ ಬದಲಿಯಾಗಿ ಇಳಿದಿದ್ದರು. ತಂಡ 42–40ರಿಂದ ಗೆದ್ದಿತು. ಹಿಂದೆ ಬಿದ್ದಾಗ ಎಲ್ಲವನ್ನೂ ಒಂದೇ ಎಸೆತದಲ್ಲಿ ವಾಪಸ್ ತರಲು ಹೋಗಬಾರದು ಅಂತ ಅವರಿಗೆ ಆಗಲೇ ಗೊತ್ತಿತ್ತು.

ವೇಗದ ದಾಳಿಗೆ ದೊಡ್ಡ ಅಪಾಯವೂ ಇದೆ. ಮೂರು ಪಾಸ್ ಎಸೆದು ಮೂರೂ ಬಿದ್ದರೆ ಗಡಿಯಾರದಲ್ಲಿ ಅರ್ಧ ನಿಮಿಷವೂ ಕಳೆದಿರುವುದಿಲ್ಲ. ಬೆಂಚಿನಲ್ಲಿ ನೀರು ಕುಡಿಯುತ್ತಿದ್ದ ನಿಮ್ಮ ಡಿಫೆನ್ಸ್ ಮತ್ತೆ ಓಡಬೇಕು. ಸುಸ್ತು ಮಾಡಲು ಹೊರಟದ್ದು ಎದುರಾಳಿಯನ್ನು, ಸುಸ್ತಾಗುವುದು ನಮ್ಮವರು. ಲಯ ಸಿಗದ ಬ್ಯಾಕಪ್ ಕೈಯಲ್ಲಿ ಇದು ಬೇಗ ಆಗುತ್ತದೆ.

ಅದಕ್ಕೇ ಉಲ್ಟಾ ದಾರಿ ಹಿಡಿದು ಗೆದ್ದವರೂ ಇದ್ದಾರೆ. 1991ರ ಜನವರಿಯ ಸೂಪರ್ ಬೌಲ್‌ನಲ್ಲಿ ಕೆ-ಗನ್ ಎದುರು ನಿಂತದ್ದು ನ್ಯೂಯಾರ್ಕ್ ಜೈಂಟ್ಸ್. ಅವರ ಮುಖ್ಯ ಕ್ವಾರ್ಟರ್‌ಬ್ಯಾಕ್ ಫಿಲ್ ಸಿಮ್ಸ್ ಡಿಸೆಂಬರ್‌ನಲ್ಲೇ ಗಾಯಗೊಂಡಿದ್ದರು. ವರ್ಷಗಟ್ಟಲೆ ಬೆಂಚಿನಲ್ಲಿ ಕಾದಿದ್ದ ಜೆಫ್ ಹಾಸ್ಟೆಟ್ಲರ್ ಆಡಿದರು. ಬಿಲ್ಸ್ ಎಷ್ಟೇ ವೇಗವಾಗಿದ್ದರೂ ಚೆಂಡು ಸಿಕ್ಕರೆ ತಾನೇ ಆಡುವುದು? 60 ನಿಮಿಷದಲ್ಲಿ 40 ನಿಮಿಷಕ್ಕೂ ಮೀರಿ ಜೈಂಟ್ಸ್ ಚೆಂಡನ್ನು ತಮ್ಮ ಬಳಿಯೇ ಇಟ್ಟುಕೊಂಡರು. ಮೂರನೇ ಕ್ವಾರ್ಟರ್‌ನ ಒಂದೇ ದಾಳಿ 9 ನಿಮಿಷ 29 ಸೆಕೆಂಡ್ ನಡೆಯಿತು. ಕೊನೆಯಲ್ಲಿ ಬಿಲ್ಸ್‌ನ ಸ್ಕಾಟ್ ನಾರ್ವುಡ್ ಒದ್ದ 47 ಗಜದ ಫೀಲ್ಡ್ ಗೋಲ್ ಬಲಕ್ಕೆ ಜಾರಿತು. 20–19. ಇಲ್ಲೂ ಬ್ಯಾಕಪ್‌ಗೆ ಸಿಕ್ಕಿದ್ದು ಚಿಕ್ಕ ಪಟ್ಟಿ, ತಿಳಿದ ಲಯ. ಆದರೆ ಜೈಂಟ್ಸ್‌ಗೆ ಗಟ್ಟಿ ಡಿಫೆನ್ಸ್ ಇತ್ತು, ಅಂಕದಲ್ಲಿ ತುಂಬಾ ಹಿಂದೆ ಬಿದ್ದಿರಲಿಲ್ಲ. ಅದಿಲ್ಲದ ತಂಡ ಸುಮ್ನೆ ನಿಧಾನ ಮಾಡಿದರೆ ನಿಧಾನವಾಗಿ ಸೋಲುತ್ತದೆ, ಅಷ್ಟೇ.

ಕೊನೆಯ ನಿಮಿಷಗಳ ಲೆಕ್ಕ ಬೇರೆಯೇ. ಅಲ್ಲಿ ಹರಿ-ಅಪ್ ಆಯ್ಕೆ ಅಲ್ಲ, ಅನಿವಾರ್ಯ. 2002ರ ಫೆಬ್ರವರಿ 3, ನ್ಯೂ ಆರ್ಲಿಯನ್ಸ್. ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಮತ್ತು ಸೇಂಟ್ ಲೂಯಿಸ್ ರ‍್ಯಾಮ್ಸ್ 17–17 ಸಮ. ಉಳಿದದ್ದು 1 ನಿಮಿಷ 21 ಸೆಕೆಂಡ್. ಗಡಿಯಾರ ನಿಲ್ಲಿಸಲು ಪೇಟ್ರಿಯಟ್ಸ್ ಬಳಿ ಒಂದೂ ಟೈಮ್‌ಔಟ್ ಇಲ್ಲ. ಚೆಂಡು ತಮ್ಮದೇ 17 ಗಜದ ಗೆರೆಯಲ್ಲಿ. ಕ್ವಾರ್ಟರ್‌ಬ್ಯಾಕ್, ಋತುವಿನ ಆರಂಭದಲ್ಲಿ ಡ್ರೂ ಬ್ಲೆಡ್‌ಸೋ ಗಾಯಗೊಂಡಾಗ ಒಳಗೆ ಬಂದ ಟಾಮ್ ಬ್ರೇಡಿ. ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸುವ ಡ್ರಾಫ್ಟ್‌ನಲ್ಲಿ, 2000ದಲ್ಲಿ, 199ನೆಯವರಾಗಿ ಆಯ್ಕೆಯಾದವರು. ಹೆಚ್ಚುವರಿ ಸಮಯಕ್ಕೆ ಕಾಯುವುದು ಒಳ್ಳೆಯದು ಅಂತ ಟಿವಿಯಲ್ಲಿ ಜಾನ್ ಮ್ಯಾಡನ್ ಹೇಳಿದರು. ಪೇಟ್ರಿಯಟ್ಸ್ ಕಾಯಲಿಲ್ಲ.

ಆ ದಾಳಿಯಲ್ಲಿ ಒಂದೂ ಸಾಹಸದ ಎಸೆತ ಇರಲಿಲ್ಲ. ಜೆ.ಆರ್. ರೆಡ್ಮಂಡ್‌ಗೆ 5 ಗಜ, ಮತ್ತೆ 8 ಗಜ. ಗಡಿಯಾರ ಓಡುತ್ತಿದೆ, ಟೈಮ್‌ಔಟ್ ಇಲ್ಲ. ಬ್ರೇಡಿ ಸ್ನ್ಯಾಪ್ ಪಡೆದು ಚೆಂಡನ್ನು ನೆಲಕ್ಕೆ ಬಡಿದರು. ಇದು ಸ್ಪೈಕ್. ಒಂದು ಡೌನ್ ವ್ಯರ್ಥ, ಆದರೆ ಗಡಿಯಾರ ನಿಲ್ಲುತ್ತದೆ. ಮತ್ತೆ ರೆಡ್ಮಂಡ್‌ಗೆ 11 ಗಜ. ಅವರು ಮೈದಾನದ ಗೆರೆಯಾಚೆ ಹೋದರು, ಗಡಿಯಾರ ನಿಂತಿತು. ಎದುರಾಳಿಗಳು ನುಗ್ಗಿ ಬಂದಾಗ ಬ್ರೇಡಿ ಚೆಂಡನ್ನು ಸುಮ್ಮನೆ ಹೊರಗೆಸೆದರು. ಟ್ರಾಯ್ ಬ್ರೌನ್‌ಗೆ 23 ಗಜ, ಅವರೂ ಗೆರೆ ದಾಟಿದರು. ಜರ್ಮೇನ್ ವಿಗಿನ್ಸ್‌ಗೆ 6 ಗಜ. 7 ಸೆಕೆಂಡ್ ಇರುವಾಗ ಮತ್ತೊಂದು ಸ್ಪೈಕ್. ಆಡಮ್ ವಿನಾಟಿಯೆರಿ 48 ಗಜದಿಂದ ಒದ್ದರು. 20–17. ಐದು ಪಾಸ್, 53 ಗಜ. ಹೊಸ ಕ್ವಾರ್ಟರ್‌ಬ್ಯಾಕ್‌ಗೆ ಇದನ್ನು ಕಲಿಸಬೇಕು ಅನ್ನುವ ಕೋಚ್ ಆ ಹೊರಗೆಸೆದ ಚೆಂಡನ್ನೇ ಮೊದಲು ತೋರಿಸಬೇಕು. ಅಲ್ಲಿ ಅವರು ನೆಲಕ್ಕುರುಳಿದ್ದರೆ ಗಡಿಯಾರ ಓಡುತ್ತಿತ್ತು, ದಾಳಿ ಅಲ್ಲೇ ಮುಗಿಯುತ್ತಿತ್ತು.

ಕಾಲೇಜು ಫುಟ್‌ಬಾಲ್‌ನಲ್ಲಿ ವೇಗ ಇನ್ನೂ ಮುಂದೆ ಹೋಯಿತು. ಆರಿಗನ್ ವಿಶ್ವವಿದ್ಯಾಲಯದಲ್ಲಿ ಕೋಚ್ ಚಿಪ್ ಕೆಲ್ಲಿಯ ತಂಡ ಮೈದಾನದ ಅಂಚಿನಲ್ಲಿ ಚಿತ್ರಗಳ ಬೋರ್ಡ್ ಎತ್ತಿ ಹಿಡಿದು ಪ್ಲೇ ಹೇಳುತ್ತಿತ್ತು. 2014ರಲ್ಲಿ, ಪ್ಲೇ ಗಡಿಯಾರ 29 ಸೆಕೆಂಡಿಗೆ ಇಳಿಯುವ ಮೊದಲು ಸ್ನ್ಯಾಪ್ ಮಾಡಬಾರದು ಅಂತ ಒಂದು ಪ್ರಸ್ತಾಪವೇ ಬಂತು. ವಿರೋಧ ಜೋರಾಗಿ ಅದು ಬಿದ್ದುಹೋಯಿತು. ಅದೇ ವರ್ಷದ ಋತುವಿನಲ್ಲಿ ಒಹಾಯೊ ಸ್ಟೇಟ್‌ನ ಇಬ್ಬರು ಕ್ವಾರ್ಟರ್‌ಬ್ಯಾಕ್‌ಗಳು ಗಾಯಗೊಂಡರು. ಮೂರನೆಯವರಾದ ಕಾರ್ಡೇಲ್ ಜೋನ್ಸ್ ಕೊನೆಯ ಮೂರು ಪಂದ್ಯ ಗೆಲ್ಲಿಸಿದರು. ಮೂರನೆಯದು ರಾಷ್ಟ್ರೀಯ ಫೈನಲ್. ಎದುರಾಳಿ ವೇಗಕ್ಕೆ ಹೆಸರಾದ ಆರಿಗನ್, 42–20.

ಚಿಪ್ ಕೆಲ್ಲಿ 2013ರಲ್ಲಿ ಫಿಲಡೆಲ್ಫಿಯಾ ಈಗಲ್ಸ್‌ಗೆ ಬಂದು ಎನ್‌ಎಫ್‌ಎಲ್‌ಗೂ ಆ ವೇಗ ತಂದರು. ಮೈಕಲ್ ವಿಕ್ ಗಾಯಗೊಂಡಾಗ ಬ್ಯಾಕಪ್ ನಿಕ್ ಫೋಲ್ಸ್ ಬಂದರು. ಒಕ್ಲೆಂಡ್ ವಿರುದ್ಧ ಒಂದೇ ಪಂದ್ಯದಲ್ಲಿ 7 ಟಚ್‌ಡೌನ್ ಪಾಸ್ ಎಸೆದು ಲೀಗ್ ದಾಖಲೆ ಸರಿಗಟ್ಟಿದರು. ಆ ಋತುವಿನಲ್ಲಿ 27 ಟಚ್‌ಡೌನ್ ಪಾಸ್, ಎದುರಾಳಿ ಕೈಗೆ ಹೋದದ್ದು 2 ಮಾತ್ರ. ಆಮೇಲೆ ಬೇರೆ ತಂಡಗಳಲ್ಲಿ ಅವರ ಆಟ ಮಂಕಾಯಿತು. 2017ರಲ್ಲಿ ಮತ್ತೆ ಈಗಲ್ಸ್‌ಗೆ ಬ್ಯಾಕಪ್ ಆಗಿ ಬಂದರು. ಡಿಸೆಂಬರ್‌ನಲ್ಲಿ ಮುಖ್ಯ ಕ್ವಾರ್ಟರ್‌ಬ್ಯಾಕ್ ಕಾರ್ಸನ್ ವೆಂಟ್ಜ್ ಮಂಡಿಗೆ ಗಾಯ ಮಾಡಿಕೊಂಡಾಗ ಭಾರ ಇವರ ಮೇಲೆ ಬಿತ್ತು.

ಆಗ ಈಗಲ್ಸ್ ಮುಖ್ಯ ಕೋಚ್ ಡಗ್ ಪೀಡರ್ಸನ್. ಆಟಗಾರನಾಗಿ ಹೆಚ್ಚಿನ ವರ್ಷ ಬ್ರೆಟ್ ಫಾರ್ವ್‌ಗೆ ಬ್ಯಾಕಪ್ ಆಗಿದ್ದವರು. ದಾಳಿಯ ಸಂಯೋಜಕ ಕೋಚ್ ಬೇರೆ ಯಾರೂ ಅಲ್ಲ, ಫ್ರ್ಯಾಂಕ್ ರೈಕ್. ಬೆಂಚಿನ ಕಷ್ಟ ಬಲ್ಲ ಈ ಇಬ್ಬರು ವೆಂಟ್ಜ್‌ಗೆ ಕಟ್ಟಿದ ಆಟವನ್ನು ಫೋಲ್ಸ್ ಮೇಲೆ ಹೇರಲಿಲ್ಲ. ಅವರು ಹಿಂದೆ ಚೆನ್ನಾಗಿ ಆಡಿದ್ದ ಬಗೆಯ ಪ್ಲೇಗಳನ್ನು ಮುಂದೆ ತಂದರು. ಅದರಲ್ಲಿ ಮುಖ್ಯವಾದದ್ದು ಆರ್‌ಪಿಒ, ಅಂದರೆ ರನ್-ಪಾಸ್ ಆಪ್ಷನ್. ಸ್ನ್ಯಾಪ್ ಆದ ಮೇಲೆ ಒಬ್ಬ ಡಿಫೆಂಡರ್ ಯಾವ ಕಡೆ ಹೋಗುತ್ತಾನೆ ಅಂತ ಮಾತ್ರ ನೋಡಿ, ಚೆಂಡನ್ನು ಓಟಗಾರನಿಗೆ ಕೊಡಬೇಕೋ ಎಸೆಯಬೇಕೋ ನಿರ್ಧರಿಸುವುದು. ಹನ್ನೊಂದು ಜನರನ್ನು ಓದುವ ಕೆಲಸ ಒಬ್ಬನನ್ನು ಓದುವ ಕೆಲಸವಾಗುತ್ತದೆ.

2018ರ ಫೆಬ್ರವರಿ 4ರ ಸೂಪರ್ ಬೌಲ್‌ನಲ್ಲಿ ಫೋಲ್ಸ್ 373 ಗಜ ಎಸೆದರು. ಮೂರು ಟಚ್‌ಡೌನ್ ಪಾಸ್ ಕೊಟ್ಟು, ಒಂದನ್ನು ತಾವೇ ಹಿಡಿದರು. ಈಗಲ್ಸ್ 41, ಪೇಟ್ರಿಯಟ್ಸ್ 33. ನನಗೆ ಅದರಲ್ಲಿ ಅತಿ ಇಷ್ಟವಾಗುವುದು ಕೊನೆಯ ದೊಡ್ಡ ದಾಳಿ. ಒಂದು ಅಂಕ ಹಿಂದಿದ್ದಾಗ ಅವರು ಗಡಿಬಿಡಿ ಮಾಡಲಿಲ್ಲ. 14 ಪ್ಲೇ, 75 ಗಜ, ಸುಮಾರು 7 ನಿಮಿಷ. ನಡುವೆ ತಮ್ಮದೇ ಅರ್ಧದಲ್ಲಿ ನಾಲ್ಕನೇ ಡೌನ್‌ನಲ್ಲೂ ಚೆಂಡನ್ನು ದೂರ ಒದ್ದು ಬಿಟ್ಟುಕೊಡದೆ ಆಡಿದರು. 2 ನಿಮಿಷ 21 ಸೆಕೆಂಡ್ ಇರುವಾಗ ಜ್ಯಾಕ್ ಅರ್ಟ್ಜ್‌ಗೆ ಟಚ್‌ಡೌನ್. ವೇಗದ ಆಟದಲ್ಲಿ ಹೆಸರು ಮಾಡಿದ ಬ್ಯಾಕಪ್‌ಗೆ ಎಲ್ಲಿ ನಿಧಾನ ಮಾಡಬೇಕು ಅನ್ನುವುದೂ ತಿಳಿದಿತ್ತು.

ಇದೆಲ್ಲ ನಡೆಯಬೇಕಾದರೆ ಚೆಂಡು ಎಸೆಯಬಲ್ಲ ಒಬ್ಬ ಮನುಷ್ಯನಾದರೂ ಇರಬೇಕು. 2023ರ ಜನವರಿ 29ರಂದು 49ಅರ್ಸ್‌ಗೆ ಅದೂ ಇಲ್ಲದಾಯಿತು. ಸ್ಯಾಂಟಾ ಕ್ಲಾರಾ, ಸನ್ನಿವೇಲ್ ಕಡೆ ನೆಲೆಸಿರುವ ಕನ್ನಡಿಗರಲ್ಲಿ ಈ ತಂಡವನ್ನು ತಮ್ಮದೆಂದು ನೋಡುವವರಿಗೆ ಆ ದಿನ ನೆನಪಿರಬಹುದು. ಸೂಪರ್ ಬೌಲ್‌ಗೆ ಒಂದೇ ಮೆಟ್ಟಿಲು ಬಾಕಿ. ಗಾಯಗಳಿಂದಾಗಿ ಅವಕಾಶ ಸಿಕ್ಕಿದ್ದ ಬ್ರಾಕ್ ಪರ್ಡಿ, ಡ್ರಾಫ್ಟ್‌ನಲ್ಲಿ ಕೊನೆಯ, 262ನೇ ಆಯ್ಕೆ. ಈಗಲ್ಸ್ ವಿರುದ್ಧದ ಆ ಪಂದ್ಯದ ಆರಂಭದಲ್ಲೇ ಅವರ ಮೊಣಕೈಗೆ ಪೆಟ್ಟಾಯಿತು. ಬದಲಿಗೆ ಬಂದ ಜಾಶ್ ಜಾನ್ಸನ್ ತಲೆಗೆ ಪೆಟ್ಟು ಬಿದ್ದು ಹೊರಗೆ ಹೋದರು. ಪರ್ಡಿ ವಾಪಸ್ ಬಂದರು, ಆದರೆ ದೂರ ಎಸೆಯಲು ಕೈ ಏಳುತ್ತಿರಲಿಲ್ಲ. ಪಾಸ್ ಬರುವುದಿಲ್ಲ ಅಂತ ಗೊತ್ತಾದ ಡಿಫೆನ್ಸ್ ಎದುರು ಯಾವ ವೇಗವೂ ಕೆಲಸ ಮಾಡುವುದಿಲ್ಲ. 31–7ರಿಂದ ಸೋತರು. ಅದೇ ವರ್ಷ ಎನ್‌ಎಫ್‌ಎಲ್ ನಿಯಮ ಬದಲಿಸಿತು. ಈಗ ತಂಡಗಳು ಪಂದ್ಯದ ದಿನದ ಪಟ್ಟಿಗೆ ಸೇರಿಸದೆಯೇ ಮೂರನೆಯ ಕ್ವಾರ್ಟರ್‌ಬ್ಯಾಕ್ ಒಬ್ಬನನ್ನು ಸಜ್ಜಾಗಿ ಇಟ್ಟುಕೊಳ್ಳಬಹುದು. ಮೊದಲಿಬ್ಬರೂ ಗಾಯದಿಂದ ಅಥವಾ ಉಚ್ಚಾಟನೆಯಿಂದ ಹೊರಗೆ ಹೋದರೆ ಮಾತ್ರ ಅವನು ಮೈದಾನಕ್ಕೆ ಇಳಿಯಬಹುದು.